ಕುಡಿತ ಬಿಡ್ಸೋದು: ಮೇಡಂನ ಕೇಳಿ

ಸದಸ್ಯೆ, ಹಾಸನ: ಮೇಡಂ, ನಮ್ಮೆಜಮಾನ್ರು ಶಿಬಿರಕ್ಕೆ ಹೋಗಿ ಬಂದು ಮೂರು ತಿಂಗಳು ಮುಟ್ಟಿರ್ಲಿಲ್ಲ, ಶನಿವಾರ ಬಟವಾಡೆ ಆದ್ಮೇಲೆ ಮತ್ತೆ ಕುಡ್ಕೊಂಡು ಬಂದ್ರು. ನಮ್ಮತ್ತೆ ಆನ್‌ಲೈನಲ್ಲಿ ಒಂದು ಪುಡಿ ತರ್ಸಿ ಅವ್ರಿಗೆ ಗೊತ್ತಾಗ್ದಂಗೆ ಸಾರಿಗೆ ಹಾಕ್ತಿದಾರೆ. ಮಾಡಿದ್ದೆಲ್ಲಾ ನೀರಲ್ಲಿ ಹೋಮ ಆಯ್ತಾ?

ಮೇಡಂ (ಆಪ್ತಸಮಾಲೋಚಕಿ): ಮೊದ್ಲು ಆ ಪುಡಿ ನಿಲ್ಸಿಮ್ಮಾ, ಇವತ್ತೇ. ಒಳಗೇನಿದೆ ಯಾರಿಗೂ ಗೊತ್ತಿಲ್ಲ. ಕುಡಿತ ಬಿಡ್ಸೋಕೆ ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ, ಅದನ್ನ ಬೆರೆಸಿದ್ದು ಅವ್ರು ಅದ್ರ ಮೇಲೆ ಕುಡಿದ್ರೆ ವಾಂತಿ ಆಗಿ ಬಿಪಿ ಇಳ್ದು ಜೀವಕ್ಕೇ ಸಂಚಕಾರ. ಡಾಕ್ಟ್ರು ಆ ಮಾತ್ರೆ ಕೊಡೋದು ರೋಗಿಗೆ ತಿಳ್ಸಿ, ಒಪ್ಸಿ.

ಮೂರು ತಿಂಗಳು ಬಿಟ್ಟಿದ್ದು ಅವ್ರೇ ತಾನೆ, ಅದು ಎಲ್ಲೂ ಹೋಗಿಲ್ಲ. ಶನಿವಾರನ ಹಿಂದಿಂದ ನೋಡಿ: ದುಡ್ಡು ಎಷ್ಟೊತ್ತಿಗೆ ಕೈಗೆ ಬಂತು, ಮಧ್ಯಾಹ್ನ ಊಟ ಆಗಿತ್ತಾ, ಜೊತೇಲಿ ಯಾರಿದ್ರು, ಯಾವ ದಾರೀಲಿ ಬಂದ್ರು. ನನ್ಹತ್ರ ಬರ್ತಿದ್ದ ಗಾರೆ ಕೆಲ್ಸದವ್ರೊಬ್ರು ಹೀಗೇ ಬರ್ದಿಡ್ತಾ ಕಂಡ್ಕೊಂಡ್ರು, ಕುಡಿಬೇಕು ಅನ್ಸೋದು ಬಾರ್ ಮುಂದೆ ಅಲ್ಲ, ಮೇಸ್ತ್ರಿ ನೋಟು ಎಣಿಸುವಾಗ್ಲೇ ಬಾಯಲ್ಲಿ ನೀರೂರ್ತಿತ್ತಂತೆ. ಆಮೇಲೆ ಬಟವಾಡೆ ಹೆಂಡ್ತಿ ಅಕೌಂಟಿಗೆ ಹಾಕ್ಸಿದ್ರು, ಬಸ್‌ಸ್ಟಾಂಡ್ ದಾರಿ ಬಿಟ್ರು. ಆಸೆ ಅಲೆ ಇದ್ದಂಗೆ, ಏರುತ್ತೆ, ಸಾಮಾನ್ಯವಾಗಿ ಅರ್ಧ ಗಂಟೇಲಿ ಇಳಿಯುತ್ತೆ, ಅಲ್ಲೀವರ್ಗೂ ದಾಟ್ಸಕ್ಕೆ ಒಂದು ಕೆಲ್ಸ ಬೇಕು ಅಷ್ಟೆ.

ಅವ್ರು ಕುಡಿದಿದ್ದಾಗ ನೀವು ವಾದ ಮಾಡ್ಬೇಡಿ. ಕುಡೀದಿದ್ದ ದಿನ ಜೊತೇಲಿ ಕೂತು ಊಟ ಮಾಡಿ, ಖುಷಿ ಆಯ್ತು ಅಂತ ಬಾಯ್ಬಿಟ್ಟು ಹೇಳಿ. ಬೆಳಗ್ಗೆ ಏಳದೇ ಇದ್ರೆ ಮೇಸ್ತ್ರಿಗೆ ಜ್ವರ ಅಂತ ಸುಳ್ಳು ಹೇಳ್ಬೇಡಿ. ಕೈ ಎತ್ತಿದ್ರೆ ಮಕ್ಳನ್ನ ಕರ್ಕೊಂಡು ಹೊರಗೆ ಬನ್ನಿ.

ಸದಸ್ಯ, ತುಮಕೂರು: ಅದೇ ಪುಡಿ ನನ್ಹತ್ರನೂ ಇದೆ, ಆಯುರ್ವೇದಿಕ್ ಅಂತ ಬರ್ದಿದೆ, ಕೊಡ್ಬೋದಾ

ಮೇಡಂ: ಬೇಡ. ಮೇಲೆ ಓದಿ.

ಸದಸ್ಯ, ಗದಗ: ಮನಸ್ಸು ಗಟ್ಟಿ ಇದ್ರ ಬಿಡ್ತಾರ ರೀ. ನಾಕು ಬಿಟ್ರ ದಾರಿಗೆ ಬರ್ತಾರ.

ಸದಸ್ಯ, ಶಿವಮೊಗ್ಗ: ನಮ್ಮಪ್ಪನ್ನ ಕಂಬಕ್ಕೆ ಕಟ್ಟಿ ಹೊಡ್ದಿದ್ರು. ಹಗ್ಗ ಬಿಚ್ಚಿದ್ಮೇಲೆ ಸೀದಾ ಅಂಗಡಿಗೇ ಹೋದ್ರು.

ಸದಸ್ಯ, ಗದಗ: ನಿಮ್ಮಪ್ಪನ ಕತಿ ಬ್ಯಾರೆ.

ಸದಸ್ಯ, ಶಿವಮೊಗ್ಗ: ನಮ್ಮಪ್ಪನ ಸುದ್ದಿ ನಿಮಗ್ಯಾಕ್ರೀ? ಬಾಯಿ ಬಿಗಿಹಿಡೀರಿ.

ಸದಸ್ಯೆ, ಕೋಲಾರ: ಮಗ ಪಿಯುಸಿ, ಬ್ಯಾಗಲ್ಲಿ ಗಾಂಜಾ ಸಿಕ್ತು. ಏನ್ ಮಾಡ್ಲಿ ಮೇಡಂ?

ಸದಸ್ಯ, ಮೈಸೂರು: ಫಾರ್ವರ್ಡ್ ಬಂದಿದೆ: ಏಳು ದಿನ ರೂಮಲ್ಲಿ ಕೂಡಿಹಾಕಿ ಓಮದ ಕಷಾಯ ಕೊಡಿ, ಜನ್ಮದಲ್ಲಿ ಮುಟ್ಟಲ್ಲ.

ಮೇಡಂ: ಡಿಲೀಟ್ ಮಾಡಿ. ದಿನಾ ಜಾಸ್ತಿ ಕುಡಿಯೋರು ದಿಢೀರಂತ ನಿಲ್ಸಿದ್ರೆ ಎರಡು ದಿನದೊಳಗೆ ಫಿಟ್ಸ್ ಬರ್ಬೋದು, ಎರಡ್ಮೂರನೇ ದಿನ ಮೈಯೆಲ್ಲಾ ನಡುಗಿ, ಬೆವತು, ಗೋಡೆ ಮೇಲೆ ಇರುವೆ ಹರೀತಿದೆ ಅಂತಾರೆ. ದೆವ್ವ ಅಲ್ಲ ಅದು, ಆಸ್ಪತ್ರೆಗೆ ಓಡ್ಬೇಕು, ಕೌನ್ಸೆಲಿಂಗ್ ಎಲ್ಲಾ ಆಮೇಲೆ. ಎಷ್ಟ್ ಸಲ ಹೇಳ್ಲಿ? ಸಲಹೆ ಬೇಕಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಸದಸ್ಯ, ಮೈಸೂರು: ಒಳ್ಳೇದಕ್ಕೇ ಹಾಕಿದ್ದು. ರೇಗೋದ್ಯಾಕೆ?

ಸದಸ್ಯೆ, ಹಾಸನ: ಪುಡಿ ಬಚ್ಚಲಿಗೆ ಸುರಿದೆ ಮೇಡಂ. ದುಡ್ಡು ನನ್ ಅಕೌಂಟಿಗೆ ಅಂದ್ರೆ ಸಿಟ್ಟಾಗ್ತಾರೆ.

ಮೇಡಂ: ನೀವು ಹೇಳ್ಬೇಡಿ. ಆ ಮೂರು ತಿಂಗಳು ಹೆಂಗಿತ್ತು ಅಂತ ಕೇಳಿ, ಸುಮ್ನೆ ಕೇಳಿಸ್ಕೊಳ್ಳಿ. ಶನಿವಾರಕ್ಕೆ ಏನ್ ಮಾಡೋಣ ಅನ್ನೋದು ಅವ್ರ ಬಾಯಿಂದ್ಲೇ ಬರ್ಲಿ.

ಸದಸ್ಯೆ, ಕೋಲಾರ: ಮೇಡಂ ನಂದೂ ಸ್ವಲ್ಪ ನೋಡಿ