ಬಿಟ್ಟುಹೋದ ಅಡುಗೆಮನೆ ಲೆಕ್ಕ: ಆಹಾರ ತಜ್ಞೆಯನ್ನು ಕೇಳಿ

ಆಹಾರ ತಜ್ಞೆ, ಕಾರವಾರ: ಎಲ್ಲರಿಗೂ ನಮಸ್ಕಾರ. ನಾನು ಗೃಹ ವಿಜ್ಞಾನ ಓದಿದವಳು, ಆಸ್ಪತ್ರೆಯಲ್ಲಿ ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತೇನೆ. ಹೋದ ವಾರ ಗುಂಪಿನಲ್ಲಿ ಸುಮಾರು ಜನ ಒಂದೇ ಮಾತು ಬರೆದಿದ್ದಿರಿ. ಮೊದಲು ಮನೆಯಲ್ಲೇ ಅಡುಗೆ, ಖರ್ಚಿನ ಪುಸ್ತಕ ಎಲ್ಲ ಸರಿ ಇತ್ತು, ಈಗ ಬಿಟ್ಟುಹೋಗಿದೆ, ಮತ್ತೆ ಹೇಗೆ ಹಿಡಿಯುವುದು ಅಂತ. ಕೇಳಿ, ರಾತ್ರಿ ಊಟ ಮುಗಿಸಿ ಕೂತು ಉತ್ತರ ಬರೆಯುತ್ತೇನೆ. ಫಾರ್ವರ್ಡ್ ಬಂದ ಮನೆಮದ್ದು ಮಾತ್ರ ಇಲ್ಲಿ ಹಾಕಬೇಡಿ.

ಸದಸ್ಯೆ, ಶಿರಸಿ: ಮೇಡಂ, 2020ರ ಲಾಕ್‌ಡೌನ್ ಹೊತ್ತಿಗೆ ನಾನು ಪ್ರತಿ ರೂಪಾಯಿ ಬರೆದಿಡುತ್ತಿದ್ದೆ. ಹಿತ್ತಲ ಹರಿವೆ, ಬಾಳೆದಿಂಡು, ಹಲಸಿನ ಬೇಳೆ, ಎಲ್ಲ ಅಡುಗೆಗೆ ಬರುತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಎರಡು ವರ್ಷದಿಂದ ಪುಸ್ತಕ ಮುಟ್ಟಿಲ್ಲ. ವಾರಕ್ಕೆ ಮೂರು ರಾತ್ರಿ ಪಾರ್ಸೆಲ್. ಮತ್ತೆ ಶುರು ಮಾಡಬೇಕು ಅಂತ ದೊಡ್ಡ ಪಟ್ಟಿ ಮಾಡಿ ಮೂರು ಸಲ ಸಾಮಾನು ತಂದೆ. ಮೂರು ಸಲವೂ ಅರ್ಧಕ್ಕರ್ಧ ಹುಳ ಹಿಡಿದು ಹೋಯಿತು.

ಆಹಾರ ತಜ್ಞೆ: ನೀವು ತರುವುದರಿಂದ ಶುರು ಮಾಡಿದ್ದೀರಿ, ಅಲ್ಲೇ ತಪ್ಪಿದ್ದು. ಇರುವುದನ್ನು ಖಾಲಿ ಮಾಡುವುದರಿಂದ ಶುರು ಮಾಡಿ. ಹತ್ತು ದಿನ ಹಾಲು, ತರಕಾರಿ ಬಿಟ್ಟು ಏನೂ ತರಬೇಡಿ. ಡಬ್ಬಿಗಳ ತಳದಲ್ಲಿ ಹೆಸರುಕಾಳು, ಅವಲಕ್ಕಿ, ರವೆ ಇದ್ದೇ ಇರುತ್ತದೆ. ಹಳೇ ಎರಡು ವರ್ಷದ ಲೆಕ್ಕ ತುಂಬಿಸಲು ಕೂರಬೇಡಿ. ಹೊಸ ಹಾಳೆಯಲ್ಲಿ ಇವತ್ತಿನ ತಾರೀಖು ಹಾಕಿ. ಕಿರಾಣಿ, ಹಾಲು-ತರಕಾರಿ, ಗ್ಯಾಸ್, ಹೊರಗಿನ ತಿಂಡಿ. ಇಷ್ಟು ಸಾಕು.

ಇನ್ನೊಂದು ಮಾತು. ಏಳೂ ದಿನದ ಅಡುಗೆ ಪಟ್ಟಿ ಬರೆದು ಗೋಡೆಗೆ ಅಂಟಿಸಬೇಡಿ. ಯಾವ ಹೊತ್ತಿಗೆ ಕೈ ಸೋಲುತ್ತದೆ ಅಂತ ನೋಡಿಕೊಳ್ಳಿ. ಕೆಲಸಕ್ಕೆ ಹೋಗುವವರಿಗೆ ಅದು ಹೆಚ್ಚಾಗಿ ಸಂಜೆ ಏಳು ಗಂಟೆ. ಬಂದು ಕಾಲು ಚಾಚಿದರೆ ಮುಗಿಯಿತು, ಕೈಗೆ ಫೋನ್ ಬರುತ್ತದೆ. ಆ ಒಂದು ಹೊತ್ತಿಗೆ ತಯಾರಿ ಇಟ್ಟುಕೊಳ್ಳಿ. ಬೆಳಗ್ಗೆ ಹೋಗುವಾಗಲೇ ಕುಚ್ಚಲಕ್ಕಿ ನೆನೆಸಿಡಿ, ಗ್ಯಾಸ್ ಎಷ್ಟೋ ಉಳಿಯುತ್ತದೆ. ಗಂಜಿ ಬೇಯುವುದರೊಳಗೆ ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಜೀರಿಗೆ, ಕಾಯಿ ಹಾಕಿ ಬೀಸಿ ಮಜ್ಜಿಗೆ ಬೆರೆಸಿದರೆ ತಂಬುಳಿ ಆಯಿತು. ಜೊತೆಗೆ ಒಂದಿಷ್ಟು ಕಾಳು ಬೇಯಿಸಿಕೊಳ್ಳಿ. ಬರೀ ಗಂಜಿ ಕುಡಿದು ಮಲಗಬೇಡಿ.

ಸದಸ್ಯ, ಭಟ್ಕಳ: ಮೇಡಂ, ತಂದೆಗೆ ಶುಗರ್ ಇದೆ. ಅವರಿಗೇ ಬೇರೆ ಅಡುಗೆ ಮಾಡಿ ಖರ್ಚು ಎರಡರಷ್ಟಾಗಿದೆ. ಎಲ್ಲರಿಗೂ ಒಂದೇ ಅಡುಗೆ ಮಾಡಬಹುದಾ?

ಸದಸ್ಯ, ಕಾರವಾರ: ಖರ್ಚು ಉಳಿಸಲು ಈಗ ಸಂಜೆ ಹೊತ್ತಿಗೆ ಮೀನು ತರುತ್ತೇನೆ. ಬೆಳಗ್ಗೆಯಿಂದ ಬುಟ್ಟಿಯಲ್ಲಿದ್ದ ಬಂಗಡೆ ಅರ್ಧ ಬೆಲೆಗೆ ಸಿಗುತ್ತದೆ. ಹೋದ ಸಲ ತಿಂದು ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ ಮೈ ತುರಿಸಿತು. ನನಗೆ ಮೀನು ಅಲರ್ಜಿಯಾ? ಚೆನ್ನಾಗಿ ಹುರಿದೇ ತಿಂದಿದ್ದೆ.

ಆಹಾರ ತಜ್ಞೆ: ಇಷ್ಟು ವರ್ಷ ಬಂಗಡೆ ತಿಂದು ಏನೂ ಆಗದವರಿಗೆ ಹೀಗಾದರೆ ಮೊದಲು ಅನುಮಾನ ಪಡಬೇಕಾದ್ದು ಆ ಮೀನನ್ನು. ಬಂಗಡೆ, ತಾರಲೆಯಂಥ ಮೀನು ಐಸ್ ಇಲ್ಲದೆ ಬಿಸಿಲಲ್ಲಿ ಕೂತರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಅಲರ್ಜಿಯಂತೆಯೇ ಮುಖ ಕೆಂಪಾಗಿಸಿ ಮೈ ತುರಿಸುವ ವಸ್ತು ಅದು. ಹುರಿದರೂ ಕುದಿಸಿದರೂ ಫ್ರಿಜ್‌ನಲ್ಲಿಟ್ಟರೂ ಅದು ಹೋಗುವುದಿಲ್ಲ. ವಾಸನೆಯಿಂದಲೂ ಯಾವಾಗಲೂ ಗೊತ್ತಾಗುವುದಿಲ್ಲ. ಉಸಿರು ಕಟ್ಟಿದಂತಾದರೆ, ತುಟಿ ಊದಿದರೆ ಮನೆಯಲ್ಲಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಏನೂ ಇಲ್ಲದಿದ್ದರೂ ಒಮ್ಮೆ ಡಾಕ್ಟರಿಗೆ ತೋರಿಸಿ. ಕಡಿಮೆ ಬೆಲೆಗೆ ಬೇಕೆಂದರೆ ತಾರಲೆ ಜಾಸ್ತಿ ಬಂದ ದಿನ ಬೆಳಗ್ಗೆಯೇ ತನ್ನಿ. ಐಸ್ ಮೇಲೆ ಇರಬೇಕು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿ ಕಡಲಿಗಿಳಿಯುವುದಿಲ್ಲ, ಮೀನು ತುಟ್ಟಿ. ಆಗ ಮೊಟ್ಟೆ, ಕಾಳಿನ ಮೇಲೆ ನಡೆಸಿ. ಒಣಮೀನೇ ಬೇಕೆಂದರೆ ಸ್ವಲ್ಪ, ತೊಳೆದು. ಬಿಪಿ ಇದ್ದವರು ದೂರ ಇಡಿ, ಉಪ್ಪು ಬಹಳ.

ಸದಸ್ಯೆ, ಹೊನ್ನಾವರ: ಕುಕ್ಕರ್‌ನಲ್ಲಿ ಮಾಡಿದ ಅನ್ನ ವಿಷ ಅಂತಾರಲ್ಲ, ನಿಜವಾ? ಗ್ಯಾಸ್ ಉಳಿಸಲು ಅದನ್ನೇ ಬಳಸುತ್ತಿದ್ದೇನೆ.

ಆಹಾರ ತಜ್ಞೆ: ವಿಷ ಅಲ್ಲ. ಬಳಸಿ.

ಸದಸ್ಯ, ಸಿದ್ದಾಪುರ: ಕುಕ್ಕರ್ ಅನ್ನದಿಂದ ಮಂಡಿ ನೋವು ಬರುತ್ತದೆ ಅಂತ ವಿಡಿಯೋ ಬಂದಿತ್ತು...

ಆಹಾರ ತಜ್ಞೆ: ಮೇಲಿನ ಉತ್ತರ ನೋಡಿ.

ಸದಸ್ಯೆ, ಕುಮಟಾ: ಅಕ್ಕಾ, ನಮ್ಮದು ಐದು ಜನರ ಮನೆ. ಯಜಮಾನರು ರಿಕ್ಷಾ ಓಡಿಸುತ್ತಾರೆ, ಅತ್ತೆ ಇದ್ದಾರೆ, ಎರಡು ಮಕ್ಕಳು. ಒಂದು ವರ್ಷ ಲೆಕ್ಕ ತಪ್ಪಿ ಅಂಗಡಿಯಲ್ಲಿ ಉದ್ರಿ, ಫೋನಿನಲ್ಲಿ ಸಣ್ಣ ಸಣ್ಣ ಸಾಲ ಎಲ್ಲ ಆಯಿತು. ಚೌತಿ ಕಳೆದ ಮೇಲೆ ಗಟ್ಟಿ ಮನಸ್ಸು ಮಾಡಿ ಪುಸ್ತಕ ಶುರು ಮಾಡಿದೆ. ಈಗ ತಿಂಗಳಿಗೆ 1,400 ರೂಪಾಯಿ ಉಳಿಯುತ್ತಿದೆ. ನನಗೆ ಮೀನು, ಮೊಟ್ಟೆ ಬಿಟ್ಟೆ. ರಾತ್ರಿ ಚಹಾ, ಟೋಸ್ಟ್ ಅಷ್ಟೇ. ಮಕ್ಕಳಿಗೆ, ಅವರಿಗೆ ಏನೂ ಕಡಿಮೆ ಮಾಡಿಲ್ಲ. ಎಲ್ಲ ಹಿಡಿತಕ್ಕೆ ಬಂತು, ಅಕ್ಕಿ ಒಂದು ಮಾತ್ರ ಲೆಕ್ಕಕ್ಕೆ ಸಿಗುತ್ತಿಲ್ಲ. ತಿಂಗಳಿಗೆ 2 ಕಿಲೋ ಜಾಸ್ತಿ ಹೋಗುತ್ತಿದೆ. ನಗಬೇಡಿ, ಅಡುಗೆ ಮಾಡುವಾಗ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವ ಚಟ ಹತ್ತಿದೆ. ಬಿಡಲು ಆಗುತ್ತಿಲ್ಲ. ಇದನ್ನು ಹೇಗೆ ಬಿಡಿಸುವುದು?

ಸದಸ್ಯೆ, ಅಂಕೋಲಾ: ಹಸಿ ಅಕ್ಕಿ ತಿಂದರೆ ಮದುವೆಗೆ ಮಳೆ ಬರುತ್ತೆ ಅಂತಿದ್ದರು ನಮ್ಮಜ್ಜಿ. ನಿಮ್ಮದು ಮುಗಿದಿದೆಯಲ್ಲ, ಚಿಂತೆ ಬಿಡಿ!

ಆಹಾರ ತಜ್ಞೆ: ದಯವಿಟ್ಟು ಇದನ್ನು ತಮಾಷೆ ಮಾಡಬೇಡಿ. ಕುಮಟಾದ ತಂಗೀ, ಇದಕ್ಕೆ ಉತ್ತರ ಕೊಡು. ಮಾಳಿಗೆ ಮೆಟ್ಟಿಲು ಹತ್ತಿದರೆ, ಕೊಡ ಎತ್ತಿದರೆ ಏದುಸಿರು ಬರುತ್ತದಾ? ತಲೆ ಸುತ್ತುತ್ತದಾ? ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದಾ? ಕೊನೆಯ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ?

ಸದಸ್ಯೆ, ಕುಮಟಾ: ಬಾವಿಯಿಂದ ಎರಡು ಕೊಡ ತಂದರೆ ಕೂರಬೇಕಾಗುತ್ತದೆ ಅಕ್ಕಾ. ಎದೆ ಹೊಡೆದುಕೊಳ್ಳುತ್ತದೆ. ಮುಟ್ಟು ಏಳೆಂಟು ದಿನ. ಪರೀಕ್ಷೆ ಮಾಡಿಸಿದ್ದು ಚಿಕ್ಕವನ ಬಾಣಂತನದಲ್ಲಿ, ಅವನಿಗೆ ಈಗ ಆರು ವರ್ಷ.

ಆಹಾರ ತಜ್ಞೆ: ಹಾಗಾದರೆ ಇದು ಚಟ ಅಲ್ಲ. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ, ಐಸ್ ಇಂಥದ್ದನ್ನು ತಿನ್ನಲೇಬೇಕು ಅನ್ನಿಸುವುದು ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಆದಾಗ ಕಾಣುವ ಲಕ್ಷಣ. ತಿಂಗಳಿಗೆ 2 ಕಿಲೋ ಅಂದರೆ ದಿನಕ್ಕೆ 65 ಗ್ರಾಂನಷ್ಟು. ಸುಮ್ನೆ ಬಾಯಾಡಿಸಲು ಅಷ್ಟು ಯಾರೂ ತಿನ್ನುವುದಿಲ್ಲ. ನಿನ್ನ ಲೆಕ್ಕದ ಪುಸ್ತಕ ಸುಳ್ಳು ಹೇಳಿಲ್ಲ ತಂಗೀ. ನೀನು ರಕ್ತ ಪರೀಕ್ಷೆ ಮಾಡಿಸಲಿಲ್ಲ, ಪುಸ್ತಕ ಮೊದಲು ಹೇಳಿತು.

ನಾಳೆ ಬೆಳಗ್ಗೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗು. ಹಿಮೋಗ್ಲೋಬಿನ್ ನೋಡುತ್ತಾರೆ. ಹೆಂಗಸರಿಗೆ 12 ಇರಬೇಕು, 8ಕ್ಕಿಂತ ಕೆಳಗೆ ಬಂದರೆ ತೀವ್ರ ರಕ್ತಹೀನತೆ. ಏಳೆಂಟು ದಿನ ಮುಟ್ಟು ಹೋಗುವುದನ್ನು ಡಾಕ್ಟರಿಗೆ ನಾಚಿಕೆ ಬಿಟ್ಟು ಹೇಳು, ಅದೇ ಕಾರಣ ಇರಬಹುದು. ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ಓಡಾಡುತ್ತೀಯಾ ಅದನ್ನೂ ಹೇಳು. ಕೊಕ್ಕೆಹುಳ ಪಾದದ ಚರ್ಮದಿಂದಲೇ ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ನಮ್ಮ ಕಡೆ ಮಳೆಗಾಲದ ಹಸಿ ಮಣ್ಣಿನಲ್ಲಿ ಇದು ಸಾಮಾನ್ಯ ಅಲ್ವಾ, ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಾತ್ರೆ ಕೊಟ್ಟರೆ ಅವರು ಹೇಳಿದಷ್ಟು ತಿಂಗಳು ನುಂಗು. ಮಲ ಕಪ್ಪಾಗುತ್ತದೆ, ಹೆದರಬೇಡ. ಊಟದ ಜೊತೆ, ಮಾತ್ರೆಯ ಜೊತೆ ಚಹಾ ಬೇಡ, ಒಂದು ಗಂಟೆಯಾದರೂ ಬಿಡು. ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ರಾತ್ರಿ ಊಟವನ್ನೇ ಚಹಾ-ಟೋಸ್ಟ್ ಮಾಡಿಕೊಂಡಿದ್ದೀಯಲ್ಲ, ಅದನ್ನು ಓದಿ ನನಗೆ ಹೊಟ್ಟೆ ಉರಿಯಿತು.

ಈಗ ಲೆಕ್ಕಕ್ಕೆ ಬರೋಣ. ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಕಬ್ಬಿಣ ಬೇಕಾದ್ದು ನಿನಗೆ. ದೊಡ್ಡ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ, ನಿನ್ನ ವಯಸ್ಸಿನ ಹೆಂಗಸಿಗೆ 29 ಅಂತ ನಮ್ಮ ದೇಶದ ಪೋಷಣೆ ಸಂಸ್ಥೆಯೇ 2020ರಲ್ಲಿ ಹೇಳಿದೆ. ಆ ತಟ್ಟೆಯಿಂದಲೇ ನೀನು ತೆಗೆದಿದ್ದೀಯಾ. ಉಳಿಸಿದ 1,400ರಲ್ಲಿ ವಾರಕ್ಕೆ ನಾಲ್ಕು ಮೊಟ್ಟೆ, ತಿಂಗಳಿಗೆ ಎರಡು ಕಿಲೋ ಹುರುಳಿ, ಕಡಲೆ ನಿನ್ನ ಹೆಸರಿಗೇ ಬರಿ. ಕಾಳು ಮೊಳಕೆ ಬರಿಸಿ ಬೇಯಿಸು, ಮೇಲೆ ನಿಂಬೆ ಹಿಂಡು. ನುಗ್ಗೆಸೊಪ್ಪು, ಹರಿವೆ ಹಿತ್ತಲಲ್ಲಿದ್ದರೆ ಬಿಡಬೇಡ. ಮೀನು ತಿನ್ನುವವರಲ್ವಾ, ಅಘನಾಶಿನಿ ಹೊಳೆಯ ಬೆಳಚು (ಚಿಪ್ಪುಮೀನು) ಸಿಕ್ಕಾಗ ಮೊದಲು ನಿನ್ನ ತಟ್ಟೆಗೆ ಹಾಕಿಕೋ, ಅದರಲ್ಲಿ ಕಬ್ಬಿಣ ಚೆನ್ನಾಗಿದೆ. ಆದರೆ ನಿನಗಿರುವ ಲಕ್ಷಣ ನೋಡಿದರೆ ಬರೀ ಊಟದಿಂದ ಮೇಲೇರುವ ಸ್ಥಿತಿ ಅನ್ನಿಸುವುದಿಲ್ಲ. ಪರೀಕ್ಷೆ ಆಗಲೇಬೇಕು.

ಸಾಲದ ವಿಷಯ ನನ್ನ ಕ್ಷೇತ್ರ ಅಲ್ಲ. ಒಂದು ಹೇಳುತ್ತೇನೆ, ಪುಸ್ತಕವನ್ನು ಯಜಮಾನರ ಮುಂದೆ ಇಡು. ಒಬ್ಬಳೇ ಹೊಟ್ಟೆ ಕಟ್ಟಿ ತೀರಿಸುವ ಸಾಲ ಅಲ್ಲ ಅದು.

ಸದಸ್ಯ, ಸಿದ್ದಾಪುರ: ಫಾರ್ವರ್ಡ್ ಆಗಿ ಬಂದದ್ದು: "ಸೇಬಿಗೆ ನಾಲ್ಕು ಕಬ್ಬಿಣದ ಮೊಳೆ ಚುಚ್ಚಿ ರಾತ್ರಿ ಇಟ್ಟು ಬೆಳಗ್ಗೆ ಮೊಳೆ ತೆಗೆದು ತಿನ್ನಿ. ಜೊತೆಗೆ ಬೀಟ್‌ರೂಟ್, ದಾಳಿಂಬೆ ರಸ. 7 ದಿನದಲ್ಲಿ ರಕ್ತ 7ರಿಂದ 12." ಕುಮಟಾದ ಅಕ್ಕನಿಗೆ ಉಪಯೋಗ ಆಗಬಹುದು.

ಆಹಾರ ತಜ್ಞೆ: ಆಗುವುದಿಲ್ಲ. ಮೊಳೆಗೆ ಏನು ಲೇಪ ಬಳಿದಿರುತ್ತಾರೆ ಗೊತ್ತಾ ನಿಮಗೆ? ಏಳು ದಿನದಲ್ಲಿ ಹಿಮೋಗ್ಲೋಬಿನ್ ಐದು ಏರುವ ಹಣ್ಣು ಯಾವುದೂ ಇಲ್ಲ. ಮಾತ್ರೆ ನುಂಗಿದರೂ ವಾರಗಳು ಬೇಕು. ದಾಳಿಂಬೆಯಲ್ಲಿ ಕಬ್ಬಿಣ ಬಹಳ ಕಡಿಮೆ, ಬೆಲೆ ಜಾಸ್ತಿ. ಮೊಟ್ಟೆ ಬಿಟ್ಟು ದುಡ್ಡು ಉಳಿಸುವವರಿಗೆ ಸೇಬು, ದಾಳಿಂಬೆ ತರಲು ಹೇಳುತ್ತಿದ್ದೀರಿ.

ಸದಸ್ಯ, ಸಿದ್ದಾಪುರ: ಒಳ್ಳೆಯದಾಗಲಿ ಅಂತ ಹಾಕಿದ್ದು ಮೇಡಂ. ಕೋಪ ಯಾಕೆ?

ಆಹಾರ ತಜ್ಞೆ: ಇಂಥದ್ದು ನಂಬಿ ಮೂರು ತಿಂಗಳು ರಸ ಕುಡಿದು, ಕೊನೆಗೆ ರಕ್ತ ಹಾಕಿಸಿಕೊಳ್ಳಲು ಬರುವವರನ್ನು ನಾನು ವಾರ್ಡಿನಲ್ಲಿ ನೋಡುತ್ತೇನೆ. ಅದಕ್ಕೆ ಕೋಪ.

ಸದಸ್ಯ, ಯಲ್ಲಾಪುರ: ಗೃಹಲಕ್ಷ್ಮಿಯ 2,000 ಬರುತ್ತದಲ್ಲ, ಪಡಿತರದ ಅಕ್ಕಿಯೂ ಇದೆ. ಮತ್ತೆ ಸಾಲ ಯಾಕಾಗುತ್ತೆ? ನಮ್ಮ ಮನೆಯಲ್ಲಿ ಕಾಯಿ, ಮೆಣಸು, ಬಾಳೆಕಾಯಿ ಎಲ್ಲ ತೋಟದ್ದು, ಪುಕ್ಕಟೆ. ಪೇಟೆಯವರಿಗೆ ಖರ್ಚು ಮಾಡಿಯೇ ಅಭ್ಯಾಸ.

ಸದಸ್ಯೆ, ಅಂಕೋಲಾ: ಪುಕ್ಕಟೆ ಹೇಗೆ ಮಾರಾಯ್ರೇ? ಕಾಯಿ ಕೊಯ್ಯುವವರಿಗೆ ಕೂಲಿ ಕೊಡಲಿಲ್ವಾ? ಮರಕ್ಕೆ ಗೊಬ್ಬರ ಹಾಕಲಿಲ್ವಾ? ದಿನಕ್ಕೆ ಎರಡು ಕಾಯಿ ಅರೆದರೆ ತಿಂಗಳಿಗೆ 60 ಕಾಯಿ. ಮಾರಿದ್ದರೆ ಎಷ್ಟು ಬರುತ್ತಿತ್ತು? ಅದನ್ನೂ ಪುಸ್ತಕದಲ್ಲಿ ಬರೆಯಿರಿ, ಆಮೇಲೆ ಪೇಟೆಯವರ ಮಾತಾಡಿ.

ಸದಸ್ಯ, ಯಲ್ಲಾಪುರ: ಸ್ವಂತ ತೋಟದ್ದನ್ನೂ ಬೆಲೆ ಕಟ್ಟಿ ತಿನ್ನಬೇಕಾ? ಹೀಗೆ ಲೆಕ್ಕ ಹಾಕಿದರೆ ಊಟ ಸೇರುತ್ತಾ?

ಸದಸ್ಯೆ, ಶಿರಸಿ: ಅಂಕೋಲಾದವರು ಹೇಳಿದ್ದು ಸರಿ. ನಮ್ಮ ಮನೆಯಲ್ಲೂ ತೋಟದ್ದು ಅಂತ ಬರೆಯದೇ ಬಿಡುತ್ತಿದ್ದೆವು. ವರ್ಷದ ಕೊನೆಗೆ ಕಾಯಿ ಮಾರಿದ ದುಡ್ಡು ಕಡಿಮೆ ಬಂತು ಅಂತ ಜಗಳ. ತಿಂದದ್ದು ನಾವೇ.

ಸದಸ್ಯ, ಯಲ್ಲಾಪುರ: ಮೀನಿಗೆ ಸುರಿಯುವ ದುಡ್ಡು ಬಿಟ್ಟರೆ ಕರಾವಳಿಯವರಿಗೂ ಉಳಿಯುತ್ತದೆ.

ಸದಸ್ಯ, ಕಾರವಾರ: ತಟ್ಟೆಗೆ ಕೈ ಹಾಕಬೇಡಿ ಸ್ವಾಮಿ. ನಿಮ್ಮ ಹಸುವಿನ ತುಪ್ಪಕ್ಕೆ ನಾವು ಬೆಲೆ ಕೇಳಿದ್ವಾ?

ಸದಸ್ಯೆ, ಅಂಕೋಲಾ: ಮತ್ತೆ ಆ ಸಾಲ ಯಾರು ಮಾಡಿದ್ದು ಅಂತ ಕುಮಟಾದವರು ಬರೆದೇ ಇಲ್ಲ. 2,000 ರೂಪಾಯಿಯಲ್ಲಿ ಗ್ಯಾಸ್, ಎಣ್ಣೆ ತಂದರೆ ಎಷ್ಟು ಉಳಿಯುತ್ತೆ ಅಂತ ನಿಮ್ಮ ಮನೆಯವರನ್ನೇ ಕೇಳಿ ನೋಡಿ.

ಗುಂಪಿನ ಅಡ್ಮಿನ್: ಮೀನು, ತುಪ್ಪದ ಜಗಳ ಇಲ್ಲಿಗೆ ನಿಲ್ಲಲಿ. ಇನ್ನು ಪ್ರಶ್ನೆ ಮಾತ್ರ.

ಸದಸ್ಯೆ, ಮುರ್ಡೇಶ್ವರ: ಮಳೆಗಾಲದಲ್ಲಿ ತಂದಿಟ್ಟ ಶೇಂಗಾ, ಕೊಬ್ಬರಿಗೆ ಬೂಷ್ಟು ಬಂದಿದೆ. ಮೂರು ಕಿಲೋ, ಎಸೆಯಲು ಮನಸ್ಸು ಬರುತ್ತಿಲ್ಲ. ಉಪ್ಪು, ಅರಿಶಿನ ಹಾಕಿ ಕುದಿಸಿದರೆ ಸರಿಹೋಗುತ್ತದೆ ಅಂತ ಒಂದು ಮೆಸೇಜ್ ಬಂದಿತ್ತು.

ಆಹಾರ ತಜ್ಞೆ: ಎಸೆಯಿರಿ. ಬೂಷ್ಟಿನ ವಿಷ ಕುದಿಸಿದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಅದು ಲಿವರ್ ಕೆಡಿಸುತ್ತದೆ. ದನಕ್ಕೂ ಹಾಕಬೇಡಿ, ಹಾಲಿನಲ್ಲಿ ನಿಮಗೇ ವಾಪಸ್ ಬರುತ್ತದೆ. ಮುಂದಿನ ಮಳೆಗಾಲಕ್ಕೆ ಅರ್ಧ ಕಿಲೋಕ್ಕಿಂತ ಜಾಸ್ತಿ ತರಬೇಡಿ.

ಸದಸ್ಯೆ, ಹೊನ್ನಾವರ: ಉಳಿದ ಅನ್ನ ಮರುದಿನ ತಿನ್ನಬಹುದಾ?

ಆಹಾರ ತಜ್ಞೆ: ಬಿಸಿ ಆರಿದ ಕೂಡಲೇ ಫ್ರಿಜ್‌ನಲ್ಲಿಟ್ಟಿದ್ದರೆ ತಿನ್ನಬಹುದು. ರಾತ್ರಿಯಿಡೀ ಪಾತ್ರೆಯಲ್ಲಿ ಹೊರಗೆ ಬಿಟ್ಟಿದ್ದನ್ನು ಬಿಸಿ ಮಾಡಿ ತಿನ್ನಬೇಡಿ.

ಸದಸ್ಯ, ಸಿದ್ದಾಪುರ: ಕುಕ್ಕರ್ ಬಗ್ಗೆ ಆ ವಿಡಿಯೋ ಸಿಕ್ಕಿತು, ಹಾಕಲಾ?

ಆಹಾರ ತಜ್ಞೆ: ಬೇಡ.

ಸದಸ್ಯ, ಭಟ್ಕಳ: ಮೇಡಂ, ತಂದೆಯ ಶುಗರ್ ಬಗ್ಗೆ ಕೇಳಿದ್ದೆ.

ಸದಸ್ಯೆ, ಅಂಕೋಲಾ: ಕುಮಟಾದ ತಂಗೀ, ಮಳೆ ಮಾತಾಡಿದ್ದಕ್ಕೆ ಬೇಜಾರು ಮಾಡಿಕೋಬೇಡ. ನನಗೆ ಗೊತ್ತಿರಲಿಲ್ಲ. ನನ್ನ ತಂಗಿಯೂ ಹೀಗೇ ಅಕ್ಕಿ ತಿನ್ನುತ್ತಾಳೆ, ಈಗ ಅವಳಿಗೆ ಫೋನ್ ಮಾಡಿದೆ.

ಸದಸ್ಯೆ, ಕುಮಟಾ (ಮರುದಿನ): ಅಕ್ಕಾ, ಹೋಗಿ ಬಂದೆ. 7.4 ಅಂತ ಬಂತು. ತಾಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದಾರೆ. ಸೋಮವಾರ ಹೋಗೋಣ ಅಂತ ಇದ್ದೇನೆ. ಇವತ್ತು ಬಾಡಿಗೆ ಜಾಸ್ತಿ ಇದೆ, ಅವರ ದುಡಿಮೆ ತಪ್ಪುತ್ತದೆ.

ಆಹಾರ ತಜ್ಞೆ: ಸೋಮವಾರ ಅಲ್ಲ, ಇವತ್ತೇ ಹೋಗು. ರಿಕ್ಷಾ ನಿಮ್ಮದೇ ಅಲ್ವಾ, ಮೊದಲ ಬಾಡಿಗೆ ನಿನ್ನದೇ ಆಗಲಿ. ಯಜಮಾನರಿಗೆ ಫೋನ್ ಕೊಡು, ನಾನೇ ಮಾತಾಡುತ್ತೇನೆ.

ಸದಸ್ಯೆ, ಕುಮಟಾ: ಅತ್ತೆ ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಅಕ್ಕಿ ಡಬ್ಬಿಯನ್ನೂ ತಮ್ಮ ಕಪಾಟಿನಲ್ಲಿ ಇಟ್ಟುಕೊಂಡರು. ಹೊರಟೆವು ಅಕ್ಕಾ.