ಮದುವೆಯ ಒಣಹೂವನ್ನು ನೆನಪಿಗೆ ಉಳಿಸಿಕೊಳ್ಳೋದು ಹೇಗೆ? ಮಾಡಿದವರು ಹೇಳಿ

ನನ್ನ ಮದುವೆಯಾಗಿ ಎಂಟು ತಿಂಗಳಾಯಿತು. ಅವತ್ತು ಕೈಯಲ್ಲಿ ಹಿಡಿದಿದ್ದ ಹೂಗುಚ್ಛವನ್ನು ಕಪಾಟಿನೊಳಗೆ ತಲೆಕೆಳಗಾಗಿ ನೇತುಹಾಕಿದ್ದೆ. ಚೆನ್ನಾಗಿಯೇ ಒಣಗಿದೆ. ಕೆಂಪು ಗುಲಾಬಿ, ಬಿಳಿ ಗುಲಾಬಿ, ನಡುನಡುವೆ ಸಣ್ಣ ಬಿಳಿ ಹೂಗಳಿವೆ. ಆದರೆ ಮುಟ್ಟಿದರೆ ಸಾಕು, ಎಸಳು ಉದುರುತ್ತಿವೆ. ಕಣ್ಣೆದುರು ಇರುವ ಹಾಗೆ ಏನಾದರೂ ಮಾಡಬೇಕು ಅಂತ ಆಸೆ. ಫ್ರೇಮ್ ಒಳ್ಳೆಯದಾ, ಇಲ್ಲ ರೆಸಿನ್ (ಹೂವಿನ ಮೇಲೆ ಹುಯ್ದರೆ ಗಾಜಿನ ಹಾಗೆ ಗಟ್ಟಿಯಾಗುವ ದ್ರವ) ಒಳ್ಳೆಯದಾ? ಇರೋದು ಒಂದೇ ಗುಚ್ಛ. ಕೆಟ್ಟರೆ ಇನ್ನೊಂದಿಲ್ಲ, ಅದಕ್ಕೇ ಭಯ.

* * *

ನನ್ನದು ಹನ್ನೊಂದು ವರ್ಷದಿಂದ ಗೋಡೆಯ ಮೇಲಿದೆ. ಆದರೆ ಅದು ಅರ್ಧ ಗುಚ್ಛ ಮಾತ್ರ. ಉಳಿದರ್ಧ ಹೇಗೆ ಹೋಯಿತು ಅನ್ನೋದನ್ನೇ ಮೊದಲು ಹೇಳುತ್ತೇನೆ.

ಮಾಮೂಲಿ ಫೋಟೊ ಫ್ರೇಮಿನಲ್ಲಿ ಹೂವಿಟ್ಟು, ಮೇಲೆ ಗಾಜು ಒತ್ತಿ ಮುಚ್ಚಿದ್ದೆ. ಮಳೆಗಾಲ ಬಂತು. ಗಾಜಿನ ಒಳಗಡೆ ಮಂಜು ಕಟ್ಟಿತು. ಗಾಜಿಗೆ ತಾಗಿದ್ದ ಎಸಳುಗಳೆಲ್ಲ ಬೂಷ್ಟು ಹಿಡಿದವು. ಹೂವು ಒಮ್ಮೆ ಒಣಗಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಹಾಗಲ್ಲ. ಒಣಗಿದ ಹೂವು ಗಾಳಿಯಲ್ಲಿರುವ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ.

ಎರಡನೇ ಸಲ ಆಳ ಇರುವ ಪೆಟ್ಟಿಗೆಯಂಥ ಫ್ರೇಮ್ ತಂದೆ. ಶ್ಯಾಡೋ ಬಾಕ್ಸ್ ಅಂತಾರಲ್ಲ, ಅದು. ಹೂವಿಗೂ ಗಾಜಿಗೂ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟೆ. ಇಡೀ ಗುಚ್ಛವೇ ಬೇಕು ಅಂದರೆ ಫ್ರೇಮಿನ ಆಳವನ್ನು ಮೊದಲೇ ಅಳೆದುಕೊಳ್ಳಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಫ್ರೇಮುಗಳಿಗೆ ಗುಲಾಬಿಯ ತಲೆ ಹಿಡಿಸುವುದಿಲ್ಲ.

ಎಸಳು ಉದುರುತ್ತದೆ ಅಂದಿರಲ್ಲ, ಅದಕ್ಕೆ ಈ ತೇವದ ಗುಣವನ್ನೇ ಬಳಸಿಕೊಳ್ಳಬಹುದು. ಬಿಸಿನೀರಿನ ಆವಿ ತುಂಬಿದ ಬಚ್ಚಲುಮನೆಯಲ್ಲಿ ಗುಚ್ಛವನ್ನು ಕೆಲವು ನಿಮಿಷ ಇಡಿ. ನೀರು ತಾಗಬಾರದು, ಆವಿ ಮಾತ್ರ. ಎಸಳು ಸ್ವಲ್ಪ ಮೆತ್ತಗಾಗುತ್ತದೆ. ಆಗಲೇ ನಿಧಾನಕ್ಕೆ ಜೋಡಿಸಿ. ಆದರೆ ಫ್ರೇಮನ್ನು ತಕ್ಷಣ ಮುಚ್ಚಲೇಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ (ತೇವ ಹೀರಿಕೊಳ್ಳುವ ಕಾಳು) ಜೊತೆ ಎರಡು ಮೂರು ದಿನ ಇಟ್ಟು, ಪೂರ್ತಿ ಗರಿಗರಿ ಆದ ಮೇಲೆ ಮುಚ್ಚಿ. ಬಣ್ಣ ಬದಲಾಗುವ ಜೆಲ್ ತಂದರೆ ಒಳ್ಳೆಯದು. ಕಿತ್ತಳೆ ಕಾಳು ತೇವ ಕುಡಿದರೆ ಹಸಿರಾಗುತ್ತದೆ. ಓವನ್‌ನಲ್ಲಿ 120 ಡಿಗ್ರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ಬರುತ್ತದೆ, ಮತ್ತೆ ಬಳಸಬಹುದು. ಒಂದು ಸಣ್ಣ ಪೊಟ್ಟಣವನ್ನು ಫ್ರೇಮಿನೊಳಗೆ, ಹೂವಿನ ಹಿಂದೆ ಕಾಣದ ಹಾಗೆ ಇಟ್ಟಿದ್ದೇನೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಬದಲಾಯಿಸುತ್ತೇನೆ.

* * *

ಮೇಲೆ ಹೇಳಿದ್ದೆಲ್ಲ ಸರಿ. ಹುಳದ ವಿಷಯ ಮಾತ್ರ ಬಿಟ್ಟುಹೋಯಿತು. ಎಂಟು ತಿಂಗಳು ಕಪಾಟಿನಲ್ಲಿ ತೆರೆದೇ ಇದ್ದ ಹೂವು ಅಲ್ವಾ? ಒಣಹೂವನ್ನು ತಿನ್ನುವ ಕಂದು ಬಣ್ಣದ ಸಣ್ಣ ದುಂಬಿಗಳಿವೆ. ನನ್ನ ಫ್ರೇಮಿನ ತಳದಲ್ಲಿ ನುಣ್ಣನೆಯ ಹುಡಿ ಬೀಳುತ್ತಿತ್ತು. ಧೂಳು ಅಂದುಕೊಂಡೆ. ಹೂವಿನ ನಡುವೆ ತೂತು ಕಂಡಾಗಲೇ ಗೊತ್ತಾಗಿದ್ದು.

ಫ್ರೇಮ್ ಮಾಡುವ ಮುಂಚೆ ಗುಚ್ಛವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದೊಳಗೆ ಗಾಳಿ ಹೋಗದ ಹಾಗೆ ಕಟ್ಟಿ. ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಬಿಡಿ. ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಹೂವಿನ ಮೇಲೆಯೇ ನೀರು ಕಟ್ಟುತ್ತದೆ.

* * *

ಕಿಟಕಿಯ ಎದುರು ಗೋಡೆಗೆ ಮಾತ್ರ ಹಾಕಬೇಡಿ, ದಯವಿಟ್ಟು. ನನ್ನ ಹೂವು ಎರಡೇ ವರ್ಷಕ್ಕೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಬಿಸಿಲಿನ ಯುವಿ (ನೇರಳಾತೀತ) ಕಿರಣ ತಡೆಯುವ ಗಾಜು ಹಾಕಿಸಿದರೆ ಬಣ್ಣ ಹೋಗುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಬಿಳಿ ಗುಲಾಬಿ ಕೆನೆಬಣ್ಣಕ್ಕೆ ಬರೋದು, ಕೆಂಪು ಗುಲಾಬಿ ಕಪ್ಪಾಗೋದು ಸಹಜ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಈಗ ಹೇಗಿದೆಯೋ ಹಾಗೆ ಇವತ್ತೇ ಒಂದು ಒಳ್ಳೆಯ ಫೋಟೊ ತೆಗೆದಿಟ್ಟುಕೊಳ್ಳಿ.

* * *

ರೆಸಿನ್ ಬಗ್ಗೆ ಕೇಳಿದ್ದೀರಿ. ನಾನು ಮಾಡಿದ್ದೇನೆ, ಈಗಲೂ ಮಾಡುತ್ತೇನೆ. ಆದರೆ ಇಡೀ ಗುಚ್ಛಕ್ಕೆ ಬೇಡ ಅಂತಲೇ ಹೇಳುವೆ. ಹೂವಿನ ಒಡಲಲ್ಲಿ ಚೂರು ಹಸಿ ಉಳಿದಿದ್ದರೂ ಒಳಗೇ ಕಂದಾಗುತ್ತದೆ. ಆಮೇಲೆ ಏನೂ ಮಾಡುವ ಹಾಗಿಲ್ಲ. ಬಿಳಿ ಎಸಳು ರೆಸಿನ್ ಹೀರಿಕೊಂಡು ನೆನೆದ ಕಾಗದದ ಹಾಗೆ ಆಚೆಯದು ಕಾಣುವಷ್ಟು ತೆಳುವಾಗಿ ತೋರುತ್ತದೆ. ದಪ್ಪಗೆ ಒಂದೇ ಸಲ ಹುಯ್ದರೆ ಜಾಸ್ತಿ ಕಾವೇರುತ್ತದೆ, ಅದಕ್ಕೆ ತೆಳು ಪದರಗಳಲ್ಲಿ ಹುಯ್ಯಬೇಕು. ವರ್ಷಗಳು ಕಳೆದಂತೆ ರೆಸಿನ್ ತಾನೇ ಹಳದಿಗೆ ತಿರುಗುತ್ತದೆ.

ಉದುರಿದ ಎಸಳುಗಳನ್ನು ಎಸೆಯಬೇಡಿ. ಅವುಗಳಲ್ಲೇ ಒಂದು ಚಿಕ್ಕ ಪೆಂಡೆಂಟ್ ಮಾಡಿ ನೋಡಿ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ.

* * *

ಒಂದೇ ಮಾತು: ಹೇರ್ ಸ್ಪ್ರೇ ಹೊಡೆಯಿರಿ ಅಂತ ತುಂಬಾ ಜನ ಹೇಳುತ್ತಾರೆ. ನಾನು ಹೊಡೆದೆ. ಅಂಟಂಟಾಗಿ ಧೂಳೆಲ್ಲ ಮೆತ್ತಿಕೊಂಡಿತು. ಈಗಿರುವ ಧೂಳನ್ನು ಚಿತ್ರ ಬಿಡಿಸುವ ಮೆತ್ತನೆಯ ಕುಂಚದಿಂದ ತೆಗೆಯಿರಿ, ಬಟ್ಟೆ ಬೇಡ.

* * *

ಎಲ್ಲರಿಗೂ ತುಂಬಾ ಧನ್ಯವಾದ. ಆಳದ ಫ್ರೇಮ್ ಅಂತ ತೀರ್ಮಾನ ಮಾಡಿದೆ. ಫೋಟೊ ತೆಗೆದಾಯಿತು, ಗುಚ್ಛ ಈಗ ಫ್ರೀಜರ್‌ನಲ್ಲಿದೆ. ಉದುರಿದ ಎಸಳು ಒಂದು ಗಾಜಿನ ಸೀಸೆಯಲ್ಲಿವೆ. ಇನ್ನೊಂದು ಸಂದೇಹ. ಕಾಂಡಕ್ಕೆ ರೇಷ್ಮೆ ರಿಬ್ಬನ್ ಸುತ್ತಿದೆ. ಅದನ್ನು ಬಿಚ್ಚಿ ಹೂವನ್ನು ಅಂಟಿನಿಂದ ಕೂರಿಸಬೇಕಾ?

* * *

ಹನ್ನೊಂದು ವರ್ಷದ ಫ್ರೇಮಿನವಳೇ ಮತ್ತೆ ಬರೆಯುತ್ತಿದ್ದೇನೆ. ಬಿಚ್ಚಬೇಡಿ! ಕಾಂಡಗಳನ್ನು ಒಟ್ಟಿಗೆ ಹಿಡಿದಿರುವುದು ಅದೇ. ಹಿಂದಿನ ರಟ್ಟಿಗೆ ನಾಲ್ಕು ತೂತು ಮಾಡಿ, ರಿಬ್ಬನ್ ಮೇಲೆ ಗಟ್ಟಿ ದಾರ ಹಾಯಿಸಿ ಹಿಂದೆ ಗಂಟು ಹಾಕಿ. ಭಾರವೆಲ್ಲ ರಿಬ್ಬನ್ ಮೇಲೆ ಬೀಳುತ್ತದೆ, ಹೂವಿನ ಮೇಲಲ್ಲ. ರಟ್ಟು ಆಮ್ಲರಹಿತ ಆಗಿರಲಿ, ಮಾಮೂಲಿಯದು ಕೆಲವೇ ವರ್ಷಕ್ಕೆ ಹಳದಿಯಾಗುತ್ತದೆ. ಮುಚ್ಚುವ ಮುಂಚೆ ಗಾಜಿನ ಒಳಮೈ ಒರೆಸೋದು ಮರೆಯಬೇಡಿ. ನನ್ನ ಫ್ರೇಮಿನಲ್ಲಿ ನನ್ನದೇ ಬೆರಳಿನ ಗುರುತು ಇವತ್ತಿಗೂ ಇದೆ.