ಅಪ್‌ಡೇಟ್: ಅತ್ತೆಯವರ ಸೊನ್ನೆ ಟಿಕೆಟ್‌ಗಳು

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಹಾಸನದ ನಮ್ಮ ಅತ್ತೆ ಕೂಡಿಟ್ಟಿರುವ ಶೂನ್ಯ ದರದ ಬಸ್ ಟಿಕೆಟ್‌ಗಳನ್ನು ಏನು ಮಾಡಲಿ ಎಂದು ಕೇಳಿದ್ದೆ. ಒಲೆಗೆ ಹಾಕಿ ಎಂದವರೇ ಹೆಚ್ಚು. ಅದು ಸಾಧ್ಯವಾಗಲಿಲ್ಲ. ‘ನಾಳೆ ಸರ್ಕಾರ ಬದಲಾಗಿ ಲೆಕ್ಕ ಕೇಳಿದರೆ ನೀವು ಕೊಡುತ್ತೀರಾ?’ ಎಂದರು ಅತ್ತೆ.

ಅವರು ಟಿಕೆಟ್ ತುಂಬಿಟ್ಟಿದ್ದ ಹಾರ್ಲಿಕ್ಸ್ ಬಾಟಲಿ ಬಗ್ಗಿಸಿ ನೋಡಿದೆ. ಹಳೆಯ ಚೀಟಿಗಳಲ್ಲಿ ಬೇಲೂರೂ ಇಲ್ಲ, ಸಕಲೇಶಪುರವೂ ಇಲ್ಲ. ಅಕ್ಷರವೆಲ್ಲ ಮಾಸಿ ಬಿಳಿ ಸುರುಳಿ ಮಾತ್ರ ಉಳಿದಿದೆ. ಸಾಕ್ಷ್ಯನಾಶ ಎಂದರೆ ಇದೇ ಇರಬೇಕು. (ತನಿಖಾ ಸಂಸ್ಥೆಗಳು ಗಮನಿಸಲಿ.)

ಮಾತು ಬದಲಿಸಲು, 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿದ್ದನ್ನು ಎತ್ತಿಕೊಂಡು ಗೊಣಗಿದೆ. ಅತ್ತೆ ತಲೆಯನ್ನೂ ಎತ್ತಲಿಲ್ಲ: ‘ನಮ್ಮ ಸೊನ್ನೆಗೂ ಅಷ್ಟೇ ಏರಿಸಿದ್ದಾರೆ ಅಳಿಯಂದಿರೇ, ನಾವೇನು ಗೊಣಗಿದೆವಾ?’